ವರ್ಷ ತುಂಬದವರ ಕೈ

ನಿತೇಶನ ಪಟ್ಟಿಯಲ್ಲಿ ಐದು ಮಂದಿ ಸತ್ತವರಿದ್ದರು. ಅದು ನನಗೆ ತಿಳಿದದ್ದು ೨೦೦೮ರ ಜನವರಿಯಲ್ಲಿ, ಅಂಕೋಲೆಯ ಆಚೆ ಒಂದು ಗ್ರಾಮ ಲೆಕ್ಕಿಗರ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ. ಆ ಹೊತ್ತಿಗೆ ನಿತೇಶನೂ ತೀರಿಕೊಂಡು ಹತ್ತು ತಿಂಗಳಾಗಿತ್ತು.

ನಾನು ಮರಣ ನೋಂದಣಿಯ ಪುಸ್ತಕ ಕೇಳಿದ್ದು ಬೇರೆ ಕಾರಣಕ್ಕೆ. ಪಟ್ಟಿ ಒಂದು ವರ್ಷ ಹಳೆಯದು. ಅದರಲ್ಲಿದ್ದವರಲ್ಲಿ ಯಾರಾದರೂ ಈಚೆಗೆ ತೀರಿಕೊಂಡಿದ್ದರೆ ಗುರುತು ಹಾಕಿಕೊಳ್ಳಬೇಕಿತ್ತು. ಈಚೆಗೆ ಯಾರೂ ತೀರಿಕೊಂಡಿರಲಿಲ್ಲ. ಐವರೂ ಪಟ್ಟಿ ಮಾಡುವ ಮೊದಲೇ ಹೋಗಿದ್ದರು. ಬೊಮ್ಮು ಗೌಡ, ೨೦೦೬ರ ಅಕ್ಟೋಬರ್. ಪಟ್ಟಿಯಲ್ಲಿ ಬೊಮ್ಮು ಗೌಡನ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿತ್ತು. ಅದರ ಕೆಳಗೆ ನಿತೇಶನ ಅಕ್ಷರದಲ್ಲಿ ತಾರೀಖು: ೧೧-೨-೨೦೦೭. ಅದರ ಪಕ್ಕದಲ್ಲಿ: ಒಪ್ಪಿಗೆ ಇದೆ.

"ಗುರುತಿನವರಾ?" ಎಂದು ಗ್ರಾಮ ಲೆಕ್ಕಿಗರು ಕೇಳಿದರು.

"ಅಲ್ಲ" ಎಂದೆ. ಪುಸ್ತಕ ಮುಚ್ಚಿ ಕೊಟ್ಟೆ.

ಬಸ್ಸಿನಲ್ಲಿ ಕಾರವಾರಕ್ಕೆ ಬರುವಾಗ ಐದು ಹೆಸರುಗಳನ್ನು ಮತ್ತೆ ನೋಡಿದೆ. ನಿತೇಶ ಸುಳ್ಳು ಬರೆಯುವವನಲ್ಲ. ಹಾಗಂತ ನಾನು ಯಾವಾಗಲೂ ತಿಳಿದಿದ್ದೆ. ಆದರೆ ಅವನು ಹೋದ ಮೇಲೆ ನನಗೆ ತಿಳಿದಿದ್ದ ಎಷ್ಟೋ ಸಂಗತಿಗಳನ್ನು ಕಾಗದಗಳು ಸುಳ್ಳು ಮಾಡಿದ್ದವು. ಅವನಿಗೆ ಎರಡು ಬ್ಯಾಂಕ್ ಖಾತೆಗಳಿದ್ದವು ಎಂಬುದೂ ನನಗೆ ಗೊತ್ತಿರಲಿಲ್ಲ.

ಕಾಜುಬಾಗದಲ್ಲಿ ನಮ್ಮ ಅಧ್ಯಯನ ಕೇಂದ್ರ ಇತ್ತು. ಮೂರು ಕೋಣೆ, ನಾಲ್ಕು ಕಂಪ್ಯೂಟರು. ನಿವೃತ್ತ ಪ್ರಾಧ್ಯಾಪಕ ಪುಂಡಲೀಕ ಸರ್ ಅದರ ನಿರ್ದೇಶಕರು. ಧಾರವಾಡದಲ್ಲಿ ನಿತೇಶ ಮತ್ತು ನಾನು ಅರ್ಥಶಾಸ್ತ್ರದಲ್ಲಿ ಒಂದೇ ತರಗತಿಯವರು. ಆಮೇಲೆ ಮದುವೆಯಾದೆವು. ಅವನು ಮೊದಲು ಇಲ್ಲಿ ಸೇರಿದ. ನಾನು ಮನೆಯಲ್ಲಿ ಕೂತು ಗಜನಿಯ ಸಾಮೂಹಿಕ ಬೇಸಾಯದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಅದು ಮುಗಿಯಲಿಲ್ಲ. ಅವನು ಹೋದ ಎರಡು ತಿಂಗಳಿಗೆ ಪುಂಡಲೀಕ ಸರ್ ಚಿತ್ತಾಕುಲದ ನಮ್ಮ ಮನೆಗೆ ಬಂದು, "ಬಾಯ್, ಅವನ ಮೇಜು ಖಾಲಿ ಇದೆ, ನೀನು ಬಾ" ಎಂದರು. ಹುಡುಗಿಯರನ್ನು ಅವರು ಬಾಯ್ ಎಂದೇ ಕರೆಯುವುದು. ಹೋದೆ. ಕುರ್ಚಿ ಅವನ ಎತ್ತರಕ್ಕೆ ಇತ್ತು. ನನ್ನ ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಅದನ್ನು ಇಳಿಸಬಹುದಿತ್ತು. ಇಳಿಸಲಿಲ್ಲ.

ನಿತೇಶನ ಕೊನೆಯ ಕೆಲಸ ತಾರಿಕೊಪ್ಪದ್ದು. ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರು ಬರುವ ತಗ್ಗಿನಲ್ಲಿ ಅರವತ್ತು ಎಕರೆ ಗದ್ದೆ. ಇಂಥ ಗದ್ದೆಗೆ ನಮ್ಮಲ್ಲಿ ಗಜನಿ ಅನ್ನುತ್ತಾರೆ. ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಬಾಗಿಲು ಹಾಕಿ ಕಗ್ಗ ಎಂಬ ಉಪ್ಪು ತಡೆಯುವ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಗಜನಿ ಒಬ್ಬರದಲ್ಲ, ನಲವತ್ತೊಂದು ಪಾಲು. ಎಲ್ಲರೂ ಹಾಲಕ್ಕಿ ಗೌಡರು.

ಯುರೋಪಿನ ಒಂದು ಅಭಿವೃದ್ಧಿ ನಿಧಿಯವರಿಗೆ ಆ ಅರವತ್ತು ಎಕರೆಯಲ್ಲಿ ಕಾಂಡ್ಲಾ ಗಿಡ ನೆಡಬೇಕಿತ್ತು. ಉಪ್ಪುನೀರಿನ ಆ ಗಿಡ ಗಾಳಿಯ ಇಂಗಾಲವನ್ನು ಹೀರಿ ಕೆಸರಿನಲ್ಲಿ ಇಡುತ್ತದೆ. ಹೀಗೆ ಇಟ್ಟ ಇಂಗಾಲಕ್ಕೆ ಅಲ್ಲಿಯ ಕಂಪನಿಗಳು ಬೆಲೆ ಕೊಡುತ್ತವೆ. ಅದರಲ್ಲಿ ಒಂದು ಭಾಗ ಪ್ರತಿವರ್ಷ ಪಾಲುದಾರರಿಗೆ, ಮೂವತ್ತು ವರ್ಷ. ಬದಲಿಗೆ ಹಲಗೆಯ ಬಾಗಿಲು ತೆಗೆದುಬಿಡಬೇಕು. ಮತ್ತೆ ಕಗ್ಗ ಬೆಳೆಯುವಂತಿಲ್ಲ. ಪಾಲುದಾರರಲ್ಲಿ ಮುಕ್ಕಾಲು ಮಂದಿ ಸ್ವಇಚ್ಛೆಯಿಂದ ಒಪ್ಪಿದರೆ ಮಾತ್ರ ಇದೆಲ್ಲ. ಆ ಒಪ್ಪಿಗೆ ಪಡೆಯುವುದು ನಿತೇಶನ ಕೆಲಸವಾಗಿತ್ತು. ಮೂವತ್ತೊಂದು ಹೆಬ್ಬೆಟ್ಟು ತಂದಿದ್ದ. ಬೇಕಾದದ್ದು ಅಷ್ಟೇ.

ಈ ವಿಷಯಕ್ಕೆ ನಮ್ಮಿಬ್ಬರಲ್ಲಿ ವಾದವಿತ್ತು. ಜಗಳವಲ್ಲ. ಅವನು ಅನ್ನುತ್ತಿದ್ದ: "ಇನ್ನು ಮೂವತ್ತು ವರ್ಷಕ್ಕೆ ಸಮುದ್ರ ಆ ಒಡ್ಡು ದಾಟಿ ಬರ್ತದೆ. ಆವಾಗ ಆ ಗದ್ದೆಗೆ ಯಾರೂ ಏನೂ ಕೊಡೂದಿಲ್ಲ. ಈಗ ಕೊಡುವವರಿದ್ದಾರೆ. ಹೊಗೆ ಬಿಟ್ಟವರು ದಂಡ ಕಟ್ಟಲಿ, ನಮ್ಮವರು ತಗೊಳ್ಳಲಿ." ನಾನು ಅನ್ನುತ್ತಿದ್ದೆ: "ಹೊಗೆ ಬಿಟ್ಟವರು ಬಿಡ್ತಲೇ ಇರ್ತಾರೆ. ಕೃಷಿ ಬಿಡುವವರು ಇವರು." ಅವನು ನಗುತ್ತಿದ್ದ. "ಇದು ನಿನ್ನ ಪ್ರಬಂಧ ಅಲ್ಲ ಮಾರಾಯ್ತಿ. ಇವರಿಗೆ ಹೊಟ್ಟೆ ಇದೆ."

ಒಮ್ಮೆ ಪಣಜಿಯ ಹೋಟೆಲೊಂದರಲ್ಲಿ ಕರಾವಳಿ ಮತ್ತು ಸುಸ್ಥಿರ ಹಣಕಾಸಿನ ಬಗ್ಗೆ ಎರಡು ದಿನದ ವಿಚಾರಗೋಷ್ಠಿ ಇತ್ತು. ನಿಧಿಯ ದಿಲ್ಲಿಯ ಸಲಹೆಗಾರರು ಪರದೆಯ ಮೇಲೆ ಚಿತ್ರ ತೋರಿಸುತ್ತ, ಸಮುದಾಯದ ಒಪ್ಪಿಗೆಯೂ ಒಂದು ಆಸ್ತಿ, ಅದನ್ನೂ ಅಳೆಯಬಹುದು ಎಂದರು. ಒಬ್ಬರು ಎದ್ದು, ಒಪ್ಪಿಗೆ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿದರು. ಕಾಗದ ಇರುವಷ್ಟು ಕಾಲ ಎಂದು ಉತ್ತರ ಬಂತು. ಎಲ್ಲರೂ ನಕ್ಕರು. ನಿತೇಶನೂ ನಕ್ಕ. ನಾನು ಅವನ ಪಕ್ಕದಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

ಹೆಬ್ಬೆಟ್ಟು ತಂದ ಒಂದು ತಿಂಗಳಿಗೆ, ಮಾರ್ಚ್ ಹದಿನಾಲ್ಕರಂದು, ಹೆದ್ದಾರಿಯಲ್ಲಿ ಅದಿರಿನ ಲಾರಿಯೊಂದು ಅವನ ಬೈಕಿಗೆ ತಾಗಿತು. ಆ ದಿನ ಬೆಳಿಗ್ಗೆ ನಾವು ಕೊನೆಗೆ ಮಾತಾಡಿದ್ದು ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ವಿಷಯ. ಸಂಜೆ ಅವನ ಶರ್ಟನ್ನು ನನ್ನ ಕೈಗೆ ಕೊಟ್ಟಾಗ ಅದು ಕೆಂಪಗಿತ್ತು. "ಅದು ಬರೀ ಅದಿರಿನ ಧೂಳು ಅಮ್ಮಾ" ಎಂದು ಪೇದೆ ಹೇಳಿದ. ಒಳ್ಳೆಯ ಮನುಷ್ಯ.

ಐದು ಹೆಸರಿನ ವಿಷಯವನ್ನು ಮರುದಿನ ಪುಂಡಲೀಕ ಸರ್‌ಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಆ ದಿಲ್ಲಿಯವನಿಗೆ ತಿಳಿದ್ರೆ ಏನಾಗ್ತದೆ ಗೊತ್ತುಂಟಲ್ಲ? ಸತ್ತವರ ಹೆಬ್ಬೆಟ್ಟು ಅಂದ್ರೆ ಅವರ ನಿಯಮದಲ್ಲಿ ಒಂದೇ ಶಬ್ದ. ನಕಲಿ. ಸಮೀಕ್ಷೆ ಮಾಡಿದವನ ಹೆಸರು ಒಂದು ಪಟ್ಟಿಗೆ ಹೋಗ್ತದೆ. ಆ ಪಟ್ಟಿ ಎಲ್ಲ ನಿಧಿಗಳಿಗೂ, ಎಲ್ಲ ವಿಶ್ವವಿದ್ಯಾಲಯಗಳಿಗೂ ಹೋಗ್ತದೆ. ಅವನು ಬಂದು ಹೀಗಲ್ಲ ಹಾಗೆ ಅಂತ ಹೇಳೂಕೆ ಇಲ್ಲ."

ನಾನು ಪಟ್ಟಿಯನ್ನು ಮಡಚಿಟ್ಟೆ.

"ಒಂದು ದಾರಿ ಇದೆ ಬಾಯ್. ಇಪ್ಪತ್ತೇಳಕ್ಕೆ ಆ ಮನುಷ್ಯ ಹೇಗೂ ಬರ್ತಾನೆ. ಅವನೆದುರೇ ಹೊಸದಾಗಿ ಸಭೆ ಮಾಡುವಾ. ಮುಕ್ಕಾಲು ಕೈ ಎದ್ರೆ ಹೊಸ ಪಟ್ಟಿ. ಹಳೇದನ್ನು ಯಾರೂ ತೆಗೆದು ನೋಡೂದಿಲ್ಲ. ನಿತೇಶನ ಹೆಸರು ಹಾಗೇ ಉಳೀತದೆ." ಕನ್ನಡಕ ತೆಗೆದು ಒರೆಸಿದರು. "ಕೈ ಏಳದಿದ್ರೆ, ಹೋದ ವರ್ಷ ಎದ್ದದ್ದು ಹೇಗೆ ಅಂತ ಕೇಳ್ತಾನೆ. ಹಳೇ ಪಟ್ಟಿ ತೆಗೀತಾನೆ."

"ಸರ್, ಅವನು ಅದನ್ನು ಗೊತ್ತಿದ್ದೇ ಬರೆದದ್ದಾ?"

"ನೀನು ಹೆಂಡತಿ. ನನ್ನನ್ನು ಕೇಳ್ತೀಯಲ್ಲ."

ಮಾರನೆಯ ದಿನ ತಾರಿಕೊಪ್ಪಕ್ಕೆ ಹೋದೆ. ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಶಾಲೆಯ ಹತ್ತಿರ ಇಳಿದು, ಒಡ್ಡಿನ ಮೇಲೆ ಅರ್ಧ ಮೈಲಿ ನಡೆಯಬೇಕು. ಎಡಗಡೆ ಹೊಳೆ, ಬಲಗಡೆ ಗಜನಿ. ಗಜನಿ ತುಂಬ ನೀರಿತ್ತು. ಕೊಯ್ದ ಕಗ್ಗದ ಕೂಳೆ ನೀರಿನೊಳಗೆ ಸಾಲಾಗಿ ಕಾಣುತ್ತಿತ್ತು. ಮದುವೆಯಾದ ಮೇಲೆ ಅವನೊಟ್ಟಿಗೆ ಬೈಕಿನಲ್ಲಿ ಒಮ್ಮೆ ಅಲ್ಲಿಗೆ ಬಂದಿದ್ದೆ. ಅವನು ಮುಂದೆ ನಡೆದಿದ್ದ. ಈಗಲೂ ಒಡ್ಡು ಕಿರಿದಾದ ಕಡೆ ನಾನು ಅರಿವಿಲ್ಲದೆ ನಿಂತು, ಮುಂದಿನವರು ದಾಟಲಿ ಎಂದು ಕಾದೆ. ಮುಂದೆ ಯಾರೂ ಇರಲಿಲ್ಲ.

ಬೊಮ್ಮು ಗೌಡನ ಮನೆಯ ಅಂಗಳದಲ್ಲಿ ಅವನ ಹೆಂಡತಿ ಸುಬ್ಬಿ ಮೀನು ಒಣಹಾಕುತ್ತಿದ್ದಳು. ಅರವತ್ತರ ಮೇಲೆ. ಕುತ್ತಿಗೆ ತುಂಬ ಕರಿಮಣಿ. ಅವಳ ಜನರಲ್ಲಿ ಗಂಡ ಹೋದರೂ ಮಣಿ ಉಳಿಯುತ್ತದೋ ಇಲ್ಲವೋ ನನಗೆ ತಿಳಿಯದು, ಕೇಳಲೂ ಇಲ್ಲ.

"ಯಾರು? ಮಾಸ್ತರ ಮನೆಯವರಾ?" ಅವಳೇ ಕೇಳಿದಳು. ಕಾಗದ ಹಿಡಿದು ಬಂದವರೆಲ್ಲ ಅವರಿಗೆ ಮಾಸ್ತರು. ಹೆಂಗಸಾದರೆ ಅಕ್ಕೋರು. "ಕೂತ್ಕಳಿ ಅಕ್ಕೋರೆ. ಬಿಸಿಲಲ್ಲಿ ಬಂದ್ರಿ. ನೀರು ಕುಡೀತ್ರಾ?"

ನೀರು ಕುಡಿದು ಪಟ್ಟಿ ತೋರಿಸಿದೆ. ಅವಳಿಗೆ ಓದಲು ಬಾರದು. ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು, "ಇದು ಬೊಮ್ಮು ಗೌಡರದು ಅಂತ ಬರೆದಿದೆ" ಎಂದೆ.

"ಹೌದು. ನಾನೇ ಒತ್ತಿದ್ದು."

"ಅವರು ಅದಕ್ಕಿಂತ ನಾಲ್ಕು ತಿಂಗಳು ಮೊದಲೇ..."

"ಹೌದೇ. ಕೊಯ್ಲಿನ ಟೈಮಲ್ಲಿ ಹೋದ್ರು. ವರ್ಷ ತುಂಬಿರ್ಲಿಲ್ಲ ಅಲ್ದಾ?" ನನ್ನ ಮುಖ ನೋಡಿದಳು. "ನಿಮ್ಮ ಬದಿಗೆ ಇಲ್ವಾ ಇದು? ಗಜನೀಲಿ ಪಾಲು ಇದ್ದವ ಸತ್ರೆ ಒಂದು ವರ್ಷ ಅವನ ಪಾಲು ಅವಂದೇ. ಮೀನು ಹಿಡ್ದಾಗ ಅವಂಗೆ ಒಂದು ಪಾಲು ಇಡೂದು. ಸಭೆಯಾಗೆ ಅವನ ಹೆಸ್ರು ಕರೆಯೂದು. ಮನೆಯವ್ರು ಎಡಗೈ ಎತ್ತೂದು. ಎಡಗೈ ಅಂದ್ರೆ ಅವನ ಕೈ. ವರ್ಷ ತುಂಬಿದ್ಮೇಲೆ ಪಾಲು ನಮ್ಮ ಹೆಸ್ರಿಗೆ ಬತ್ತದೆ. ಆವಾಗ ಬಲಗೈ."

"ಇದನ್ನು ನಿತೇಶ... ಮಾಸ್ತರಿಗೆ ಹೇಳಿದ್ರಾ?"

"ಹೇಳೂದೆ ಏನು ಬಂತು, ಅವ್ರು ನೋಡಿದ್ದೇ ಅಲ್ದಾ. ಐದು ಜನ ಎಡಗೈ ಎತ್ತಿದ್ವು. ಅವ್ರು ಕೇಳ್ದ್ರು. ನಮ್ಮ ಹಿರಿಯ ಬೀರಣ್ಣ ಹೇಳ್ದ. ಬರ್ಕಂಡ್ರು."

ಹಾಗಾದರೆ ಅವನಿಗೆ ಗೊತ್ತಿತ್ತು. ಸುಳ್ಳು ಬರೆದಿರಲಿಲ್ಲ, ಕಂಡದ್ದನ್ನು ಬರೆದಿದ್ದ. ಆದರೆ ಕಂಡದ್ದನ್ನೆಲ್ಲ ಬರೆದಿರಲಿಲ್ಲ. ಎಡಗೈ ಎಂಬ ಶಬ್ದ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಐದು ಕೈ ಬಿಟ್ಟರೆ ಮುಕ್ಕಾಲು ಆಗುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅವನ ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ.

"ನೀವು ಕಾಂಡ್ಲಾ ಬೇಕು ಅಂತ ಎತ್ತಿದ್ದಾ?" ಕೇಳಿದೆ.

"ನಾನೆಲ್ಲಿ ಎತ್ತಿದ್ದೆ? ಅವ್ರು ಎತ್ತಿದ್ದು. ಸತ್ತವರು ಬೇಡ ಅಂತ ಹೇಳೂದಿಲ್ಲ ಅಕ್ಕೋರೆ. ಹೆಚ್ಚಿನ ಜನ ಎತ್ತ ಇದ್ದಾರೋ ಅತ್ತಲೇ ಅವರ ಕೈ. ಜಗಳ ಮಾಡೂದು ಇದ್ದವರ ಕೆಲಸ." ಸುಬ್ಬಿ ಮೀನಿನ ಮೇಲಿನ ನೊಣ ಓಡಿಸಿದಳು. "ಸತ್ತವ ಜಗಳ ಆಡಿದ್ರೆ ಅವ ಹೋಗೂದಿಲ್ಲ. ವರ್ಷ ತುಂಬಿದ್ರೂ ಇಲ್ಲೇ ಒಡ್ಡಿನ ಮೇಲೆ ಉಳೀತಾನೆ. ಹೋಗಲಿ ಅಂತೇ ಅಲ್ದಾ ಒಂದು ವರ್ಷ ಪಾಲು ಕೊಡೂದು?"

"ಈಗ ನಿಮ್ಮ ಹೆಸರಿಗೆ ಬಂದಿದೆ. ಈಗ ಏನು ಹೇಳ್ತೀರಿ?"

"ಈಗ ಬೇಡ." ಅವಳು ತಡಮಾಡಲಿಲ್ಲ. "ನಿಮ್ಮ ಗಿಡ ಗಾಳಿ ತಿಂದ್ಕಂಡು ಇರ್ತದ್ಯಂತೆ. ನಾ ಎಂತಾ ತಿನ್ನೂದು?"

"ವರ್ಷ ವರ್ಷ ದುಡ್ಡು ಬರ್ತದೆ."

"ದುಡ್ಡು ಕೊಟ್ಟು ಕೂರಿಸ್ತ್ರಿ. ಕೂತ್ಕಂಡು ಎಂತಾ ಮಾಡ್ಲಿ, ಗಿಡ ಉಸಿರು ಬಿಡೂದು ನೋಡೂದಾ? ನಂಗೆ ಮೊಳಕೆ ಬರಿಸೂಕೆ ಗೊತ್ತು. ಯಾವ ನೀರು ಸಿಹಿ ಯಾವ ನೀರು ಉಪ್ಪು, ನಾಲಿಗೆ ಮೇಲೆ ಇಟ್ರೆ ಗೊತ್ತು. ಈ ವಿದ್ಯೆ ತಗಂಡು ಅಂಕೋಲೆ ಪೇಟೆಲಿ ಮಾರೂಕಾತದಾ?" ನಕ್ಕಳು. "ನೀವೆಲ್ಲ ಓದಿದವ್ರು. ನಿಮ್ಮ ಕಲ್ತದ್ದನ್ನ ಯಾರಾದ್ರೂ ಮೂವತ್ತು ವರ್ಷ ಕಟ್ಟಿಡಿ ಅಂದ್ರೆ ಇಡ್ತ್ರಾ?"

ನನ್ನ ಪ್ರಬಂಧ ಮನೆಯಲ್ಲಿ ಅಟ್ಟದ ಮೇಲಿತ್ತು.

ಬೀರ ಗೌಡ ಗಜನಿಯ ಹಿರಿಯ. ಸಭೆ ಕರೆಯುವುದು, ಹೆಸರು ಕೂಗುವುದು, ಪಾಲು ಹಂಚುವುದು ಅವನ ಕೆಲಸ. ಅವನು ಹಲಗೆಯ ಬಾಗಿಲ ಹತ್ತಿರ ಬಲೆ ತೊಳೆಯುತ್ತಿದ್ದ. ಇಪ್ಪತ್ತೇಳಕ್ಕೆ ಸಭೆ ಕರೆಯಬೇಕು ಎಂದೆ.

"ಕರೆಯುವಾ. ಭಾನುವಾರ ಮಧ್ಯಾಹ್ನ ಇಳಿತ ಇದೆ, ಎಲ್ಲಾ ಇಲ್ಲೇ ಇರ್ತರು." ಅವನು ಕೈ ಕೊಡವಿಕೊಂಡ. "ನೀವೂ ಬರ್ತ್ರಿ ಅಲ್ದಾ? ಬರ್ಬೇಕು. ಮಾಸ್ತರ ವರ್ಷ ಇನ್ನೂ ತುಂಬಿಲ್ಲ."

ನನಗೆ ಅರ್ಥವಾಗಲಿಲ್ಲ.

"ಅವರ ಪಾಲು ಇದೆಯಲ್ಲ! ನಿಮಗೆ ಹೇಳ್ಲೇ ಇಲ್ವಾ? ಆಚೆ ವರ್ಷ ಆಗಸ್ಟಲ್ಲಿ ಈ ಒಡ್ಡು ಒಡೀತು. ಪೈರು ಮೊಣಕಾಲಿನಷ್ಟಿತ್ತು. ಮಾಸ್ತರು ಎಂತದೋ ಪ್ರಶ್ನೆ ಕೇಳೂಕೆ ಬಂದವ್ರು. ಪ್ಯಾಂಟು ಬಿಚ್ಚಿಟ್ಟು ಚಡ್ಡಿ ಮೇಲೆ ಇಳಿದ್ರು ನೋಡಿ! ಮಧ್ಯಾಹ್ನದಿಂದ ಕತ್ತಲಾಗೂವರೆಗೆ ಮಣ್ಣು ಹೊತ್ರು. ಒಡೆದ ಒಡ್ಡಿಗೆ ಕೈಯಾರೆ ಮಣ್ಣು ಹಾಕಿದವಂಗೆ ಪಾಲು. ಅದು ನಮ್ಮ ಅಜ್ಜಂದಿರ ಕಾಲದ್ದು. ನಲವತ್ತೆರಡ್ನೇದು ಅವರದ್ದು."

"ಪಟ್ಟಿಯಲ್ಲಿ ಅವರ ಹೆಸರಿಲ್ಲ."

"ನಾನೇ ಬರೆಯೂವನು, ನಾನೇ ಕೈ ಎತ್ತೂದು ಸರಿಯಲ್ಲ ಅಂದ್ರು. ಆಯ್ತು ಬಿಡಿ ಅಂದ್ವು. ಈಗ ಬರೆಯೂವ್ರು ಅವರಲ್ಲ ಅಲ್ದಾ."

ಅವನು ನೀರಿನ ಕಡೆ ತಿರುಗಿದ. "ಅವ್ರು ಹೋದ್ಮೇಲೆ ಪ್ರತೀ ಸಲ ಪಾಲು ಇಟ್ಟೆವು. ಮನೆ ಕಾರವಾರದ ಆಚೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ತಗಂಡು ಹೋಗೂಕೆ ಯಾರೂ ಬರ್ದಿದ್ರೆ ಬಾಗ್ಲ ಹತ್ರ ಹೊಳೆಗೆ ಬಿಡೂದು. ಜೀವ ಇರೂವಾಗ್ಲೇ ಬಿಡ್ತೆವು, ಸತ್ತ ಮೀನು ಬಿಡೂದಿಲ್ಲ. ಹನ್ನೊಂದು ಸಲ ಬಿಟ್ಟೆ ನಾನು. ಮೊನ್ನೆ ಒಂದು ದೊಡ್ಡ ಕೆಂಪಲೆ ಮೀನು ಇತ್ತು. ಮಾಸ್ತರೇ, ಹೋಗಿ ಬನ್ನಿ ಅಂದೆ."

ನಿತೇಶ ಮಣ್ಣು ಹೊತ್ತ ದಿನ ನನಗೆ ನೆನಪಿತ್ತು. ಮೈಯೆಲ್ಲ ಕೆಸರು ಮಾಡಿಕೊಂಡು ಬಂದು, ಬೈಕ್ ಜಾರಿತು ಎಂದಿದ್ದ. ನಾನು ಬೈದಿದ್ದೆ. ಬೈಗುಳ ತಿಂದೂ ನಿಜ ಹೇಳಿರಲಿಲ್ಲ. ಯಾಕೆ ಎಂದು ಈಗ ಕೇಳುವುದು ಯಾರನ್ನು?

ವಾಪಸು ಹೋಗುವಾಗ ಒಡ್ಡಿನ ಮೇಲೆ ನನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದ ಹಾಗಾಯಿತು. ತಿರುಗಲಿಲ್ಲ. ಭಯದಿಂದಲ್ಲ. ತಿರುಗಿದರೆ ನಿಲ್ಲುತ್ತದೆ ಅಂತ.

ಭಾನುವಾರ ನಾವು ಮೂವರು ಪುಂಡಲೀಕ ಸರ್ ಕಾರಿನಲ್ಲಿ ಹೋದೆವು. ದಿಲ್ಲಿಯ ಸಲಹೆಗಾರರು ಸಭ್ಯರು. ನಿತೇಶನ ಬಗ್ಗೆ ಸಂತಾಪ ಹೇಳಿದರು. ಅವನ ವರದಿಗಳು ಬಹಳ ಸ್ವಚ್ಛವಾಗಿರುತ್ತಿದ್ದವು ಎಂದರು. ಪುಂಡಲೀಕ ಸರ್ ಕನ್ನಡಿಯಲ್ಲಿ ನನ್ನನ್ನು ನೋಡಿದರು.

ಗಜನಿಯ ನೀರು ಇಳಿದಿತ್ತು. ಒಡ್ಡಿನ ಮೇಲೆ ಜನ ಸಾಲಾಗಿ ಕೂತಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಶಾಲೆಯಿಂದ ಮೂರು ಪ್ಲಾಸ್ಟಿಕ್ ಕುರ್ಚಿ ತಂದು ಇಟ್ಟಿದ್ದರು. ನಾನು ಕುರ್ಚಿ ಬಿಟ್ಟು ಹೆಂಗಸರ ಸಾಲಿನ ಕೊನೆಗೆ ಕೂತು, ಬರೆಯುವ ಹಲಗೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ.

ಪುಂಡಲೀಕ ಸರ್ ಯೋಜನೆಯನ್ನು ಇನ್ನೊಮ್ಮೆ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಏನನ್ನೂ ಮುಚ್ಚಿಡಲಿಲ್ಲ. ಕಗ್ಗ ಹೋಗುತ್ತದೆ ಎಂದೂ ಹೇಳಿದರು. ಹೊನ್ನು ಎಂಬ ಗಡ್ಡದವ ಕೇಳಿದ: "ಮೂವತ್ತು ವರ್ಷದ ಮೇಲೆ ಗಿಡ ಯಾರದ್ದು?"

"ನಿಮ್ಮದೇ."

"ಕಡೀಬಹುದಾ?"

"ಕಡಿಯುವಂತಿಲ್ಲ."

"ಹಾಂಗಾರೆ ನಮ್ಮದು ಹ್ಯಾಂಗೆ? ನಮ್ಮ ಹೆಂಡ್ತೀರ ಹಾಂಗಾ?" ಎಂದ. ಗಂಡಸರು ನಕ್ಕರು. ಹೆಂಗಸರ ಸಾಲಿನಿಂದ, "ಕಡಿಯೂಕೆ ಬಾ, ನೋಡುವಾ" ಎಂದು ಯಾರೋ ಕೂಗಿದರು. ಆಗ ಎಲ್ಲರೂ ನಕ್ಕರು. ಸಲಹೆಗಾರರೂ ಏನೆಂದು ತಿಳಿಯದೆ ನಕ್ಕರು.

ಬೀರ ಗೌಡ ಎದ್ದು ನಿಂತು ಹೆಸರು ಕೂಗತೊಡಗಿದ. ಬೇಕು ಎನ್ನುವವರು ಕೈ ಎತ್ತಬೇಕು, ಬೇಡದವರು ಸುಮ್ಮನಿರಬೇಕು. ಎತ್ತಿದ ಕೈ ಕೊನೆಯ ಹೆಸರಿನವರೆಗೆ ಇಳಿಸಬಾರದು. ಹೆಚ್ಚಿನವರು ಎತ್ತಿದರು. ಮಕ್ಕಳು ಗೋವೆಯಲ್ಲಿ ಕೆಲಸಕ್ಕಿರುವವರು, ಕೆಸರಿನಲ್ಲಿ ಕಾಲು ನೋಯುವವರು. ಅವರ ಬಗ್ಗೆ ನಾನು ತಪ್ಪು ತಿಳಿಯಲಾರೆ. ಹೋದ ವರ್ಷ ಬೇಡ ಎಂದಿದ್ದ ಹೊನ್ನುವೂ ಈ ಸಲ ಎತ್ತಿದ. ಆ ಐದು ಮನೆಗಳ ಪೈಕಿ ನಾಲ್ಕರಲ್ಲಿ ಮಕ್ಕಳು ಬಲಗೈ ಎತ್ತಿದರು. ಸುಬ್ಬಿಯ ಹೆಸರು ಬಂದಾಗ ಅವಳು ಎರಡೂ ಕೈಯನ್ನು ಕಂಕುಳಲ್ಲಿ ಸೇರಿಸಿಕೊಂಡು ಕೂತಳು.

ನಲವತ್ತೊಂದು ಹೆಸರು ಮುಗಿಯಿತು. ಮೂವತ್ತೊಂದು ಕೈ ಮೇಲಿದ್ದವು. ಬೆರಳುಗಳ ನಡುವೆ ಹೊಳೆ ಕಾಣುತ್ತಿತ್ತು.

"ಮಾಸ್ತರು" ಎಂದು ಕೂಗಿದ ಬೀರ ಗೌಡ.

ಯಾರೂ ತಿರುಗಿ ನೋಡಲಿಲ್ಲ. ಅದು ಅವರಿಗೆ ಸಹಜವಾಗಿತ್ತು. ಸಲಹೆಗಾರರು ಯಾರು ಎಂದು ಕೇಳಿದರು. ಪುಂಡಲೀಕ ಸರ್ ಬಾಗಿ ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು: ನಿತೇಶನಿಗೆ ಒಂದು ಪಾಲು ಇತ್ತು, ಈಗ ವಾರಸುದಾರಳು ಹೆಂಡತಿ, ಅವಳ ಮತ ಕಾನೂನಿಗೆ ಸರಿಯಾದದ್ದು. ಸಲಹೆಗಾರರು ತಲೆಯಾಡಿಸಿ ಬರೆದುಕೊಂಡರು. ನಲವತ್ತೆರಡು ಪಾಲು. ಬೇಕಾದದ್ದು ಮೂವತ್ತೆರಡು. ಪುಂಡಲೀಕ ಸರ್ ನನ್ನನ್ನೇ ನೋಡುತ್ತಿದ್ದರು. ಬಾಯ್, ಎತ್ತು ಎಂದು ಅವರ ಮುಖ ಹೇಳುತ್ತಿತ್ತು. ಬೇಡಿಕೊಳ್ಳುತ್ತಿತ್ತು. ಅದರಲ್ಲಿ ಕೇಂದ್ರದ ಚಿಂತೆ ಎಷ್ಟು, ನಿತೇಶನ ಮೇಲಿನ ಪ್ರೀತಿ ಎಷ್ಟು ಎಂದು ಬಿಡಿಸಿ ಹೇಳಲಾರೆ. ಪ್ರೀತಿ ಇತ್ತು.

ನನ್ನ ಬಲಗೈಯಲ್ಲಿ ಪೆನ್ನಿತ್ತು. ಎಡಗೈ ಬರೆಯುವ ಹಲಗೆಯ ಮೇಲಿತ್ತು.

"ಮಾಸ್ತರು" ಎಂದ ಬೀರ ಗೌಡ ಎರಡನೆಯ ಸಲ.

ನಿತೇಶ ಇದ್ದಿದ್ದರೆ ಎತ್ತುತ್ತಿದ್ದ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಎತ್ತಿ, ಪಕ್ಕದವರಿಗೂ ಎತ್ತಲು ಹೇಳುತ್ತಿದ್ದ. ಹತ್ತು ತಿಂಗಳಲ್ಲಿ ನಾನು ಅವನ ಪರವಾಗಿ ಎಷ್ಟೋ ಕಡೆ ಸಹಿ ಹಾಕಿದ್ದೆ. ಪೊಲೀಸ್ ಠಾಣೆಯಲ್ಲಿ, ಎರಡು ಬ್ಯಾಂಕಿನಲ್ಲಿ, ವಿಮೆಯವರಲ್ಲಿ, ಬೈಕಿನ ಗುಜರಿಯವನ ರಸೀದಿಯಲ್ಲಿ. ತೋರಿಸಿದ ಕಡೆಯೆಲ್ಲ ಹಾಕಿದ್ದೆ. ಒಂದು ಕಡೆಯೂ ಅವನು ಬೇಡ ಅನ್ನಲಿಲ್ಲ. ಅವನು ಎಲ್ಲದಕ್ಕೂ ಒಪ್ಪುತ್ತ ಒಪ್ಪುತ್ತ ದಿನದಿಂದ ದಿನಕ್ಕೆ ತೆಳ್ಳಗಾಗಿದ್ದ. ಇನ್ನೊಂದು ಸಹಿಗೆ ಪೂರ್ತಿ ಮುಗಿಯುತ್ತಿದ್ದ. ಹೆಸರು ಸ್ವಚ್ಛವಾಗಿ ಉಳಿಯುತ್ತಿತ್ತು, ಮಾರ್ಚ್ ಹದಿನಾಲ್ಕಕ್ಕೆ ಹೊರಟುಹೋಗುತ್ತಿದ್ದ.

ಸುಬ್ಬಿ ನನ್ನತ್ತ ನೋಡುತ್ತಿರಲಿಲ್ಲ. ನನ್ನ ಕೈ ಏಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸತ್ತವರು ಬೇಡ ಎನ್ನುವುದಿಲ್ಲ. ಅವಳು ಇಳಿದ ನೀರಿನಲ್ಲಿ ತನ್ನ ಪಾಲಿನ ಕೂಳೆಯ ಸಾಲನ್ನು ನೋಡುತ್ತಿದ್ದಳು.

"ಮಾಸ್ತರು."

ನಾನು ಎಡಗೈಯನ್ನು ಎತ್ತಲಿಲ್ಲ.

ಆಮೇಲಿನದ್ದು ಎಷ್ಟು ಹೊತ್ತು ನಡೆಯಿತೋ. ಮೊದಲು ಹೆಂಗಸರು ತಿರುಗಿದರು, ಆಮೇಲೆ ಗಂಡಸರು. ಒಂದೊಂದೇ ಕೈ ಇಳಿಯಿತು. ಬೀರ ಗೌಡ ಬಾಯಿ ತೆರೆದು ನಿಂತಿದ್ದ. ನಾಲ್ಕನೆಯ ಸಲ ಕೂಗುವ ಪದ್ಧತಿ ಇರಲಿಲ್ಲ.

"ಹೀಂಗೆ ಆದದ್ದಿಲ್ಲ" ಎಂದ ಕೊನೆಗೆ.

ಸಲಹೆಗಾರರು ಮೊದಲೇ ಎಣಿಸಿಕೊಂಡದ್ದನ್ನು ಬರೆದರು. ಒಂದು ಕಡಿಮೆ ಎಂದರು. ಪುಂಡಲೀಕ ಸರ್ ಎದ್ದು ಕಾರಿನ ಕಡೆ ನಡೆದರು.

ನಾನು ಕಾರಿನಲ್ಲಿ ಹೋಗಲಿಲ್ಲ. ಸುಬ್ಬಿ ಬಸ್ಸಿನವರೆಗೆ ನನ್ನ ಜೊತೆ ಒಡ್ಡಿನ ಮೇಲೆ ನಡೆದಳು. ಶಾಲೆ ಕಾಣುವಾಗ ನಿಂತಳು.

"ಹುಡುಗೀ, ಇದೆಂತಾ ಮಾಡ್ಕಂಡೆ?" ಮೊದಲ ಸಲ ಅಕ್ಕೋರೆ ಅನ್ನಲಿಲ್ಲ. "ನಂಗಾಗಿ ಮಾಡಿದ್ಯಾ?"

"ಗೊತ್ತಿಲ್ಲ" ಎಂದೆ.

"ಅವ ಇನ್ನು ಹೋಗೂದಿಲ್ಲ. ಹೇಳಿದ್ದೆ ಅಲ್ದಾ ನಿಂಗೆ?"

"ಹೇಳಿದ್ರಿ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಡ್ಡಿನ ಕಡೆ, ನಾವು ಬಂದ ದಾರಿಯ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹಿರಿಯರು ಎದುರು ಬಂದಾಗ ಎಳೆದುಕೊಳ್ಳುವ ಹಾಗೆ.

ಫೆಬ್ರವರಿಯಲ್ಲಿ ಹಳೆಯ ಪಟ್ಟಿಯ ತನಿಖೆಯಾಯಿತು. ಐದು ಹೆಸರು ಸಿಕ್ಕಿದವು. ನಾನು ಪದ್ಧತಿಯನ್ನು ಎರಡು ಪುಟದಲ್ಲಿ ಬರೆದು ಕಳಿಸಿದೆ. ಅದಕ್ಕೆ ನಮೂನೆಯಲ್ಲಿ ಜಾಗವಿಲ್ಲ ಎಂದು ಉತ್ತರ ಬಂತು. ನಕಲಿ ಹೆಬ್ಬೆಟ್ಟು, ಸಂಖ್ಯೆ ಐದು. ಸಮೀಕ್ಷಕರ ಹೆಸರು ಎಂಬ ಖಾನೆಯನ್ನು ಕೇಂದ್ರದವರೇ ತುಂಬಿ ಕಳಿಸಬೇಕಿತ್ತು. ಪುಂಡಲೀಕ ಸರ್ ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟು ಹೊರಗೆ ಹೋದರು. ಅವನ ಕುರ್ಚಿಯಲ್ಲಿ ಕೂತು ಅವನ ಪೂರ್ತಿ ಹೆಸರನ್ನು, ತಂದೆಯ ಹೆಸರು, ಅಡ್ಡಹೆಸರು ಸಹಿತ, ದುಂಡಗೆ ಬರೆದೆ.

ಮಾರ್ಚಿನಲ್ಲಿ ಚಿತ್ತಾಕುಲದ ಮನೆಯಲ್ಲಿ ವರ್ಷದ ಕಾರ್ಯ ನಡೆಯಿತು. ಅತ್ತೆ ಪಾಯಸ ಮಾಡಿದರು. ಪಿಂಡ ಇಟ್ಟಾಗ ಕಾಗೆ ಬೇಗ ಬಂತು, ಎಲ್ಲರಿಗೂ ಸಮಾಧಾನವಾಯಿತು. ಭಟ್ಟರು ಕೈ ತೊಳೆದುಕೊಳ್ಳುತ್ತ, "ಇನ್ನು ಅಳಬೇಡ ತಂಗಿ, ಇವತ್ತಿಗೆ ಅವನಿಗೆ ಇಲ್ಲಿಯ ಋಣ ಹರಿಯಿತು, ಹೋದ" ಎಂದರು. ನಾನು ಅಳುತ್ತಿರಲಿಲ್ಲ. ಅವರಿಗೆ ತಾರಿಕೊಪ್ಪದ ವಿಷಯ ಗೊತ್ತಿರಲಿಲ್ಲ, ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಾನು ಹೌದು ಎಂದು ತಲೆಯಾಡಿಸಿ, ಅವರಿಗೆ ಒರೆಸಿಕೊಳ್ಳಲು ಟವೆಲು ಕೊಟ್ಟೆ.